ಒತ್ತು ಮೊದಲೋ, ಗುಡಿಸು ಮೊದಲೋ

ಹರಿಹರ ತಾಲ್ಲೂಕಿನ ಕೊಂಡಜ್ಜಿ ಎಂದರೆ ಕೆರೆ, ಗುಡ್ಡ, ಸ್ಕೌಟ್ಸ್ ಶಿಬಿರ. ಎಲ್ಲೆಲ್ಲಿಂದಲೋ ಮಕ್ಕಳು ಬಂದು ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿತು ಹೋಗುತ್ತಾರೆ. ಅದೇ ಊರಿನಲ್ಲಿ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನಮ್ಮ ಸೋದರತ್ತೆ ಐವತ್ತೆಂಟನೇ ವಯಸ್ಸಿಗೆ ಟ್ಯಾಬ್ ಹಿಡಿದಳು. ಕೊರೊನಾ ಕಾಲದಲ್ಲಿ ಮೊಮ್ಮಗನಿಗೆ ಕೊಡಿಸಿದ್ದು. ಗಾಜಿನ ಮೂಲೆ ಬಿರಿದಿದೆ. ಆಕೆಗೆ ಬೇಕಿದ್ದದ್ದು ಎರಡೇ: ಸಂಘದ ಸಾಲದ ಲೆಕ್ಕ ತಾನೇ ಓದಬೇಕು, ಮಗಳಿಗೆ ತಾನೇ ಮೆಸೇಜು ಬರೆಯಬೇಕು.

2023ರಲ್ಲಿ ಬಂದ ‘ಉಲ್ಲಾಸ್’ ಆ್ಯಪ್ ಹದಿನೈದು ದಾಟಿದ ಅನಕ್ಷರಸ್ಥರಿಗೆಂದೇ ಮಾಡಿದ್ದು. ಆದರೆ ಪಾಠಕ್ಕೆ ಅದು ನೆಚ್ಚಿಕೊಂಡಿರುವುದು ‘ದೀಕ್ಷಾ’ವನ್ನು. 2017ರಲ್ಲಿ ಶಾಲೆಗಳಿಗಾಗಿ ಹುಟ್ಟಿದ ದೀಕ್ಷಾ ಹೊಸ್ತಿಲಲ್ಲೇ ಬೋರ್ಡು, ಮಾಧ್ಯಮ, ತರಗತಿ ಕೇಳುತ್ತದೆ. “ನಾನು ಎಷ್ಟನೇ ಕ್ಲಾಸು ಅಂತ ಒತ್ಲಪ್ಪ?” ಎಂದಳು ಅತ್ತೆ. ನನ್ನಲ್ಲಿ ಉತ್ತರವಿರಲಿಲ್ಲ. ಮೊಮ್ಮಗನ ಪಠ್ಯಪುಸ್ತಕದ ಕ್ಯುಆರ್ ಕೋಡಿಗೆ ಹಿಡಿದರೆ ಪಾಠ ತೆರೆಯಿತು, ಅದು ಚೆನ್ನಾಗಿದೆ. ಮೊಲ, ಬಲೂನು, ಚಪ್ಪಾಳೆಯ ಇನ್ನೊಂದು ಆ್ಯಪನ್ನು ಮಾತ್ರ “ಇದು ಕೂಸಿನ ಆಟ ಐತಿ” ಎಂದು ಪಕ್ಕಕ್ಕಿಟ್ಟಳು.

ನಿಜವಾದ ತೊಡಕು ಎದುರಾದದ್ದು ಕೀಲಿಮಣೆಯಲ್ಲಿ, ಅದೂ ಊರಿನ ಹೆಸರು ಬರೆಯುವಾಗ. ಸ್ಲೇಟಿನಲ್ಲಿ ಕಲಿತವರ ಬಾಯಿಪಾಠ: ಜಕ್ಕೆ ಗುಡಿಸು ಜಿ, ಜಿಗೆ ಜ ಒತ್ತು ಜ್ಜಿ. ಕಂಪ್ಯೂಟರಿನ ಯೂನಿಕೋಡ್ ಕ್ರಮ ಬೇರೆ. ಜ, ಆಮೇಲೆ ಅರ್ಧಾಕ್ಷರದ ಗುರುತು, ಮತ್ತೆ ಜ, ಗುಡಿಸು ಕಟ್ಟಕಡೆಗೆ. ಅತ್ತೆ ತನ್ನ ಕ್ರಮದಲ್ಲಿ ಒತ್ತಿದಾಗಲೆಲ್ಲ ಅಕ್ಷರ ಮುರಿದು ಚುಕ್ಕಿಗಳ ವೃತ್ತವೊಂದು ಮೂಡಿತು. “ಜಿ ಬರೆದು ಕೆಳಗೆ ಒತ್ತು ಕೊಟ್ರೆ ಆತಲ್ಲ, ಇದಕ್ಕೇನು ರೋಗ?” ತಪ್ಪು ಆಕೆಯದಲ್ಲ. ಉಚ್ಚಾರದ ಕ್ರಮ ಯಂತ್ರದ್ದು, ಬರವಣಿಗೆಯ ಕ್ರಮ ಆಕೆಯದು. ಎರಡರ ನಡುವಿನ ಈ ವ್ಯತ್ಯಾಸವನ್ನು ನಾವು ನೋಡಿದ ಯಾವ ಪಾಠವೂ ಹೇಳಿಕೊಡಲಿಲ್ಲ.

ದಾರಿ ಸಿಕ್ಕಿದ್ದು ಗೂಗಲ್ ಕೀಲಿಮಣೆಯ ಕೈಬರಹದಲ್ಲಿ. ಬೆರಳಿನಿಂದ ಗಾಜಿನ ಮೇಲೆ ಜಿ ಬರೆದು, ಕೆಳಗೆ ಒತ್ತು ಕೊಟ್ಟಳು. ‘ಕೊಂಡಜ್ಜಿ’ ಸರಿಯಾಗಿ ನಿಂತಿತು. ಕಲಿಸುವ ಸಾಧನ ಎಂದು ಯಾರೂ ಕರೆಯದ ಇದಕ್ಕೇ ನಾನು ಹೆಚ್ಚು ಅಂಕ ಕೊಡುತ್ತೇನೆ. ಕಳೆ ಕಿತ್ತು ಜಡ್ಡುಗಟ್ಟಿದ, ಒಣಗಿದ ಬೆರಳನ್ನು ಗಾಜು ಕೆಲವೊಮ್ಮೆ ಗುರುತಿಸುವುದಿಲ್ಲ. ಆಗ ನೀರು ಮುಟ್ಟಿ ಒರೆಸಿಕೊಳ್ಳುತ್ತಾಳೆ.

ಗಣಿತದ್ದು ಇನ್ನೊಂದು ಕಥೆ. ಶೇಕಡಾ ಲೆಕ್ಕದ ಕನ್ನಡ ವಿಡಿಯೊವೊಂದು ಹತ್ತು ಚೌಕಗಳ ಸಾಲಿನಿಂದ ಶುರುವಾಯಿತು, ಬಡ್ಡಿಯೇ ಗೊತ್ತಿಲ್ಲದವರಿಗೆ ಹೇಳುವಂತೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂಬ ಲೆಕ್ಕದಲ್ಲೇ ಸಾಲ ಕೊಟ್ಟು ತಂದವಳು ಆಕೆ. ಬಾರದಿದ್ದದ್ದು ಬ್ಯಾಂಕಿನ ವರ್ಷದ ಭಾಷೆಯಷ್ಟೆ. ವಿಡಿಯೊ ನಿಲ್ಲಿಸಿ ಹನ್ನೆರಡು ತಿಂಗಳು ಎಂದು ನೆನಪಿಸಿದೆ.

“ಹಂಗಾದ್ರ ಅವರ ಹನ್ನೆರಡು ಪರ್ಸೆಂಟು ನಮ್ಮ ಒಂದು ರೂಪಾಯಿ ಬಡ್ಡಿನಾ? ಮೊದಲೇ ಹೇಳಬಾರದಾ” ಎಂದು ಟ್ಯಾಬನ್ನು ಬೈದಳು.