ಕೇಳದೆ ಕೇಳುವ ಯಂತ್ರ

ಈ ಪುಟಗಳಲ್ಲಿ ಸಾಮಾನ್ಯವಾಗಿ ಪುಸ್ತಕಗಳ, ನಾಟಕಗಳ ವಿಮರ್ಶೆ ಬರುತ್ತದೆ. ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ನಮ್ಮೆಲ್ಲರ ಮನೆಗಳಲ್ಲಿದ್ದೂ ಹೆಚ್ಚು ಜನ ಓದದ ಒಂದು ಬರಹವನ್ನು. ಕಂಪ್ಯೂಟರಿನಲ್ಲಿ ಹಾಡು ಕೇಳಿಸುವ, ಸಿನಿಮಾ ತೋರಿಸುವ ಮೀಡಿಯಾ ಪ್ಲೇಯರ್ ಎಂಬ ತಂತ್ರಾಂಶವನ್ನು ಮೊದಲ ಸಲ ತೆರೆದಾಗ ಹಲವು ವೇಳೆ ಒಂದು ಚಿಕ್ಕ ಪುಟ ಕಾಣಿಸಿಕೊಳ್ಳುತ್ತದೆ: ಕೆಲವು ಸಾಲುಗಳು, ಸಾಲಿನ ಮುಂದೊಂದು ಚೌಕ, ಕೆಳಗೊಂದು ಗುಂಡಿ. ಹಾಡು ಕೇಳುವ ಆತುರದಲ್ಲಿ ಬಹುಮಂದಿ ಗುಂಡಿ ಒತ್ತಿ ಮುಂದೆ ಹೋಗುತ್ತಾರೆ. ಆ ಸಾಲುಗಳು ಏನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ, ಹೇಳುವುದನ್ನಾದರೂ ನೇರವಾಗಿ ಹೇಳುತ್ತವೆಯೆ ಎಂದು ಪರೀಕ್ಷಿಸುವುದೂ ವಿಮರ್ಶೆಯ ಕೆಲಸವೇ ಎಂದು ನಮ್ಮ ಭಾವನೆ.

ಹಾಡು ಕೇಳುವುದರಲ್ಲಿ ಮುಚ್ಚಿಡುವಂಥದೇನಿದೆ ಎಂದು ಹಿರಿಯರು ಪ್ರಶ್ನಿಸಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಮುಂಬಯಿಯ ಚಾಳಿನಲ್ಲೋ ಪುಣೆಯ ಫ್ಲ್ಯಾಟಿನಲ್ಲೋ ಇರುವ ಒಂದು ಕನ್ನಡ ಮನೆಯನ್ನು ನೆನೆದುಕೊಳ್ಳಿ. ಬೆಳಿಗ್ಗೆ ದಾಸರ ಪದ, ಮಧ್ಯಾಹ್ನ ಅಜ್ಜನಿಗೆ ತಾಳಮದ್ದಳೆ, ಸಂಜೆ ಮಕ್ಕಳಿಗೆ ಮರಾಠಿ ಹಾಡು, ರಾತ್ರಿ ಸಕ್ಕರೆ ಕಾಯಿಲೆಯ ಪಥ್ಯದ ಮೇಲೆ ವೈದ್ಯರ ಉಪನ್ಯಾಸ. ಇಷ್ಟನ್ನು ಪಟ್ಟಿ ಮಾಡಿದರೆ ಸಾಕು. ಆ ಮನೆಯವರ ಮಾತು ಯಾವುದು, ಸೀಮೆ ಯಾವುದು, ಮತ ಯಾವುದು, ಮನೆಯಲ್ಲಿ ಎಷ್ಟು ತಲೆಮಾರಿನವರಿದ್ದಾರೆ, ಅವರನ್ನು ಕಾಡುವ ರೋಗ ಯಾವುದು ಎಂಬುದನ್ನೆಲ್ಲ ಹೆಚ್ಚುಕಡಮೆ ಊಹಿಸಿಬಿಡಬಹುದು. ಪರಸ್ಥಳದಲ್ಲಿ ಬಾಳುವವರು ತಮ್ಮ ಊರು, ಮಾತು, ಮತಗಳನ್ನು ಯಾರಿಗೆ, ಎಷ್ಟು, ಯಾವಾಗ ತಿಳಿಸಬೇಕೆಂಬುದನ್ನು ತಾವೇ ನಿಶ್ಚಯಿಸಿಕೊಂಡು ಬಂದವರು. ಆ ನಿಶ್ಚಯ ಕೈತಪ್ಪಿ ಹೋಗುವುದು ಸಣ್ಣ ಮಾತಲ್ಲ.

ಇದು ಬರಿಯ ಶಂಕೆಯೂ ಅಲ್ಲ. 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ನರು ರಾಬರ್ಟ್ ಬೋರ್ಕ್ ಎಂಬವರನ್ನು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಪದವಿಗೆ ಸೂಚಿಸಿದರು. ಅದರ ಚರ್ಚೆ ನಡೆದಿರುವಾಗಲೇ ವಾಷಿಂಗ್ಟನ್ನಿನ ಒಂದು ವಾರಪತ್ರಿಕೆ, ಬೋರ್ಕ್ ಕುಟುಂಬದವರು ವೀಡಿಯೋ ಅಂಗಡಿಯಿಂದ ಬಾಡಿಗೆಗೆ ತಂದಿದ್ದ 146 ಚಿತ್ರಗಳ ಪಟ್ಟಿಯನ್ನು ಬಯಲಿಗೆ ತಂದಿತು. ಪಟ್ಟಿಯಲ್ಲಿ ನಾಚಿಕೆಪಡುವಂಥದೇನೂ ಇರಲಿಲ್ಲ. ಆದರೂ ಇಂದು ಅವರ ಪಟ್ಟಿ, ನಾಳೆ ನಮ್ಮದು ಎಂಬ ಅರಿವು ಎರಡೂ ಪಕ್ಷಗಳ ಶಾಸಕರಿಗೆ ಬಂದಿತು. ಗಿರಾಕಿ ಯಾವ ಚಿತ್ರ ಒಯ್ದನೆಂಬುದನ್ನು ಅವನ ಒಪ್ಪಿಗೆಯಿಲ್ಲದೆ ಅಂಗಡಿಯವನು ಹೊರಗೆಡಹಬಾರದೆಂಬ ಕಾನೂನು 1988ರಲ್ಲೇ ಹುಟ್ಟಿತು.

ಅಂದು ಪಟ್ಟಿ ಇದ್ದುದು ಅಂಗಡಿಯವನ ಬಳಿ. ಪಟ್ಟಿ ಬರೆಯುವ ಕೆಲಸವನ್ನು ಯಂತ್ರವೇ ವಹಿಸಿಕೊಂಡುದು ಅನಂತರ. ರಿಯಲ್‌ಜೂಕ್‌ಬಾಕ್ಸ್ ಎಂಬ ತಂತ್ರಾಂಶ, ಕೇಳುಗನು ಯಾವ ಸಿ.ಡಿ. ಹಾಕಿದನೆಂಬ ವಿವರವನ್ನು, ಆ ಪ್ಲೇಯರಿಗೆಂದೇ ಕೊಟ್ಟ ಗುರುತು ಸಂಖ್ಯೆಯೊಡನೆ ತನ್ನ ಕಂಪನಿಗೆ ಕಳಿಸುತ್ತಿದೆಯೆಂದು ರಿಚರ್ಡ್ ಸ್ಮಿತ್ ಎಂಬ ತಜ್ಞರು ಕಂಡುಹಿಡಿದರು. 1999ರ ನವೆಂಬರಿನಲ್ಲಿ ಅದು ಪತ್ರಿಕೆಗಳಲ್ಲಿ ಬಂದಿತು. ಕಂಪನಿ ಕ್ಷಮೆ ಬೇಡಿ ತಿದ್ದುಪಡಿ ಹೊರತಂದಿತು. 2002ರಲ್ಲಿ ಅದೇ ಸ್ಮಿತ್ ಅವರು, ವಿಂಡೋಸ್ ಎಕ್ಸ್.ಪಿ.ಯೊಡನೆ ಬಂದ ಮೀಡಿಯಾ ಪ್ಲೇಯರ್ ಡಿ.ವಿ.ಡಿ. ಹಾಕಿದೊಡನೆ ಅದರ ವಿವರ ತರಲು ಮೈಕ್ರೋಸಾಫ್ಟಿನ ಯಂತ್ರವನ್ನು ಸಂಪರ್ಕಿಸುತ್ತದೆ, ನೋಡಿದ ಚಿತ್ರಗಳ ದಾಖಲೆಯನ್ನು ಕಂಪ್ಯೂಟರಿನಲ್ಲೂ ಇಡುತ್ತದೆ ಎಂದು ತೋರಿಸಿದರು. ಕಂಪನಿ ತನ್ನ ಪ್ರಕಟಣೆಯ ಮಾತುಗಳನ್ನು ಬದಲಿಸಿತು.

ಇದರ ಹಿಂದಿನ ಕೆಲಸ ಸರಳವಾದುದು. ಹಾಡಿನ ಸಿ.ಡಿ.ಯಲ್ಲಿ ಸಾಮಾನ್ಯವಾಗಿ ಹಾಡುಗಳ ಹೆಸರು ಇರುವುದಿಲ್ಲ. ಪ್ಲೇಯರ್ ಎಷ್ಟು ಹಾಡುಗಳಿವೆ, ಒಂದೊಂದೂ ಎಷ್ಟು ಉದ್ದ ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ದೂರದ ಯಂತ್ರಕ್ಕೆ ಕಳಿಸಿ, ಇದು ಯಾವ ಸಿ.ಡಿ. ಎಂದು ವಿಚಾರಿಸುತ್ತದೆ. ಅಲ್ಲಿಂದ ಹೆಸರು, ಹೊದಿಕೆಯ ಚಿತ್ರ ಬರುತ್ತವೆ. ಸೌಲಭ್ಯ ನಿಜವೇ. ಆದರೆ ಹೆಸರು ವಿಚಾರಿಸುವ ಒಂದೊಂದು ಪ್ರಶ್ನೆಯೂ ಈ ಮನೆಯಲ್ಲಿ ಈಗ ಏನು ನುಡಿಯುತ್ತಿದೆ ಎಂಬ ವರದಿಯೂ ಆಗುತ್ತದೆ. ಸೌಲಭ್ಯಕ್ಕೆ ತೆರುವ ಬೆಲೆ ಇದೇ ಎಂದು ಆ ಚಿಕ್ಕ ಪುಟ ಹೇಳಬೇಕಾಗಿತ್ತು. ಹೇಳುತ್ತದೆಯೆ?

ಮೊದಲು ವಿಂಡೋಸ್ ಮೀಡಿಯಾ ಪ್ಲೇಯರನ್ನೇ ನೋಡೋಣ. 2009ರಲ್ಲಿ ಬಂದ ಅದರ 12ನೆಯ ಆವೃತ್ತಿ ಮೊದಲ ಸಲ ತೆರೆದಾಗ ಎರಡು ದಾರಿ ತೋರಿಸುತ್ತಿತ್ತು: ಒಂದು ‘ಶಿಫಾರಸು ಮಾಡಿದ’ ದಾರಿ, ಇನ್ನೊಂದು ನಾವೇ ಆರಿಸಿಕೊಳ್ಳುವ ದಾರಿ. ನಮ್ಮ ಆಕ್ಷೇಪಣೆ ಇರುವುದು ಆ ‘ಶಿಫಾರಸು’ ಎಂಬ ಮಾತಿಗೆ. ವೈದ್ಯರು ಔಷಧ ಹೇಳಿದರೆ ಅದು ರೋಗಿಯ ಹಿತಕ್ಕೆ. ಇಲ್ಲಿ ಶಿಫಾರಸು ಮಾಡುವವನೇ ಲಾಭ ಹೊಂದುವವನೂ ಹೌದು. ಬಳಕೆಯ ವಿವರ ಕಂಪನಿಗೆ ಹೋಗುವುದನ್ನು ತಂತ್ರಾಂಶವನ್ನು ಉತ್ತಮಗೊಳಿಸಲು ನೀವು ಮಾಡುವ ಸಹಾಯವೆಂದು ಬಣ್ಣಿಸಿದ್ದೂ ಇದೇ ಧಾಟಿ. ಬೇಡವೆಂದವನು ಸಹಾಯ ನಿರಾಕರಿಸಿದ ಜಿಪುಣನಂತೆ ಕಾಣಬೇಕು! ಒಂದು ಗುಣವನ್ನೂ ಹೇಳಲೇಬೇಕು: ಎರಡನೆಯ ದಾರಿ ಹಿಡಿದವರಿಗೆ ಎಲ್ಲ ಆಯ್ಕೆಗಳೂ ಒಂದೇ ಕಡೆ ಸಿಗುತ್ತಿದ್ದುವು, ಆಮೇಲೆ ಮನಸ್ಸು ಬದಲಾದರೂ ಆಯ್ಕೆಗಳ ಪುಟಕ್ಕೆ ಹೋಗಿ ಗುರುತು ತೆಗೆಯಬಹುದಾಗಿತ್ತು, ಹಳೆಯ ಪಟ್ಟಿ ಅಳಿಸಲು ಗುಂಡಿಯೂ ಇತ್ತು. ಆದರೆ ಮನೆಯಿಂದ ಹೊರಗೆ ಹೋಗುವ ಮಾಹಿತಿ ಯಾವುದು, ಮನೆಯೊಳಗೇ ಉಳಿಯುವ ದಾಖಲೆ ಯಾವುದು ಎಂಬ ಮುಖ್ಯ ಭೇದ ಒಂದೇ ಉದ್ದ ಪಟ್ಟಿಯಲ್ಲಿ ಕಲಸಿಹೋಗಿತ್ತು.

ಪ್ಯಾರಿಸಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಹುಟ್ಟಿ, 2001ರಿಂದ ಎಲ್ಲರಿಗೂ ಮುಕ್ತವಾಗಿರುವ ವಿ.ಎಲ್.ಸಿ. ಈ ದೃಷ್ಟಿಯಿಂದ ಮೇಲು. ವೈಯಕ್ತಿಕ ಮಾಹಿತಿಯನ್ನು ತಾನು ಸಂಗ್ರಹಿಸುವುದಿಲ್ಲ, ಯಾರಿಗೂ ಕಳಿಸುವುದಿಲ್ಲ ಎಂದು ಅದು ಮೊದಲೇ ಹೇಳುತ್ತದೆ. ಹಾಡಿನ ವಿವರ ತರಲು ಬೇರೆಯವರ ಸೇವೆಗಳನ್ನು ಸಂಪರ್ಕಿಸಬೇಕಾಗುತ್ತದೆಂದು ಬಿಡಿಸಿ ಹೇಳಿ ಅನುಮತಿ ಕೇಳುತ್ತದೆ. ಕಾರಣವೂ ಆಯ್ಕೆಯೂ ಒಟ್ಟಿಗೆ ಬರುವುದರಿಂದ ಓದುಗನನ್ನು ಬುದ್ಧಿವಂತನೆಂದು ಎಣಿಸಿದ ಬರಹ ಇದು. ಆದರೂ ಒಂದು ಕೊರತೆ. ಇತ್ತೀಚೆಗೆ ನೋಡಿದವುಗಳ ಪಟ್ಟಿಯನ್ನು ಅದು ತಾನಾಗಿಯೇ ಇಟ್ಟುಕೊಳ್ಳುತ್ತದೆ. ಪಟ್ಟಿ ಮನೆಯ ಹೊರಗೆ ಹೋಗುವುದಿಲ್ಲ, ನಿಜ. ಆದರೆ ಒಂದೇ ಕಂಪ್ಯೂಟರನ್ನು ಅತ್ತೆ, ಸೊಸೆ, ಕಾಲೇಜಿನ ಹುಡುಗಿ ಎಲ್ಲರೂ ಬಳಸುವ ಎರಡು ಕೋಣೆಯ ಮನೆಯಲ್ಲಿ ಒಬ್ಬರದನ್ನು ಇನ್ನೊಬ್ಬರು ನೋಡದಿರುವುದೂ ಮರ್ಯಾದೆಯೇ. ಈ ಪಟ್ಟಿ ಬೇಡವಾದವರು ಪ್ರಿಫರೆನ್ಸಸ್ ಎಂಬಲ್ಲಿ, ಇಂಟರ್‌ಫೇಸ್ ಎಂಬ ಭಾಗದಲ್ಲಿ, ಅದನ್ನು ಉಳಿಸುವ ಚೌಕದ ಗುರುತನ್ನು ತೆಗೆಯಬೇಕು. ಎರಡು ನಿಮಿಷದ ಕೆಲಸ. ಆದರೆ ಅಲ್ಲಿಗೆ ಹೋಗಬೇಕೆಂದು ಮೊದಲ ಪುಟ ಹೇಳುವುದಿಲ್ಲ.

ಇನ್ನು ಅತ್ಯಂತ ಕೆಟ್ಟ ಬರಹದ ಮಾದರಿ ಬೇಕಾದರೆ ಟೆಲಿವಿಷನ್ನಿನತ್ತ ತಿರುಗಬೇಕು. ಇಂದಿನ ಸ್ಮಾರ್ಟ್ ಟಿ.ವಿ.ಯೂ ಒಂದು ಮೀಡಿಯಾ ಪ್ಲೇಯರೇ ತಾನೆ. ಅಮೆರಿಕದ ವಿಜಿಯೋ ಕಂಪನಿಯ ಟಿ.ವಿ.ಗಳು ಪರದೆಯ ಮೇಲೆ ಏನು ಮೂಡುತ್ತಿದೆಯೆಂಬುದನ್ನು ಸೆಕೆಂಡು ಸೆಕೆಂಡಿಗೂ ಗುರುತಿಸಿ ಕಳಿಸುತ್ತಿದ್ದುವು. ಆ ಸೌಕರ್ಯಕ್ಕೆ ಇಟ್ಟ ಹೆಸರು ‘ಸ್ಮಾರ್ಟ್ ಇಂಟರ್ಯಾಕ್ಟಿವಿಟಿ’; ಕೊಟ್ಟ ವಿವರಣೆ, ಇದರಿಂದ ಕಾರ್ಯಕ್ರಮಗಳ ಸಲಹೆ, ಕೊಡುಗೆಗಳು ದೊರೆಯುತ್ತವೆ ಎಂದಷ್ಟೆ. ನಿಮ್ಮನ್ನು ಗಮನಿಸುತ್ತಿದ್ದೇವೆ ಎಂಬ ಮಾತಿಗೆ ಎಡೆಯೇ ಇರಲಿಲ್ಲ. 1 ಕೋಟಿ 10 ಲಕ್ಷ ಟಿ.ವಿ.ಗಳಿಗೆ ಸಂಬಂಧಿಸಿದ ಈ ಮೊಕದ್ದಮೆ, ಕಂಪನಿ 22 ಲಕ್ಷ ಡಾಲರು ತೆರಲು ಒಪ್ಪುವುದರೊಂದಿಗೆ 2017ರಲ್ಲಿ ಮುಗಿಯಿತು. ಅಲ್ಲಿ ದಂಡ ಬಿದ್ದುದು ಕಣ್ಣಿಟ್ಟು ನೋಡಿದ್ದಕ್ಕೆ ಎಷ್ಟೋ, ಅದನ್ನು ಹೇಳದೆ ಮರೆಸಿದ ಭಾಷೆಗೂ ಅಷ್ಟೇ.

ಯೂಟ್ಯೂಬಿನದು ಮಧ್ಯಮ ದರ್ಜೆ. ನೋಡಿದ್ದರ ದಾಖಲೆಯನ್ನು ನಿಲ್ಲಿಸಲೂ ಅಳಿಸಲೂ, ಇಂತಿಷ್ಟು ತಿಂಗಳಿಗೆ ತಾನಾಗಿಯೇ ಅಳಿಯುವಂತೆ ಮಾಡಲೂ ಅಲ್ಲಿ ಅವಕಾಶವಿದೆ: 3, 18 ಅಥವಾ 36 ತಿಂಗಳು. ಆದರೆ 2020ರಲ್ಲಿ ಹೊಸ ಖಾತೆಗಳಿಗೆ ಮೊದಲೇ ಗೊತ್ತುಪಡಿಸಿದ ಅವಧಿ 36 ತಿಂಗಳು. ಆರಿಸುವ ಹಕ್ಕು ಇದೆ ಎಂದು ತಿಳಿಯದವನ ಪಾಲಿಗೆ ಮೂರು ವರ್ಷವೇ ಗತಿ. ಎಲ್ಲ ತಂತ್ರಾಂಶಗಳ ಗುಟ್ಟೂ ಇಲ್ಲೇ ಇದೆ. ಹೆಚ್ಚಿನವರು ಚೌಕಗಳನ್ನು ಮುಟ್ಟುವುದೇ ಇಲ್ಲವಾದುದರಿಂದ, ಮೊದಲೇ ಹಾಕಿಟ್ಟ ಗುರುತೇ ತೀರ್ಪು. ನಾವು ಸುಮ್ಮನಿದ್ದುದನ್ನು ನಮ್ಮ ಒಪ್ಪಿಗೆಯೆಂದು ಬರೆದುಕೊಳ್ಳಲಾಗುತ್ತದೆ.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಆಧಾರ ದೊರಕಿಸಿಕೊಟ್ಟವರಲ್ಲಿ ಕನ್ನಡಿಗರೊಬ್ಬರು ಮುಖ್ಯರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ ಬಂದಿತು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು, ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಒಪ್ಪಿಗೆ ಸ್ಪಷ್ಟವಾಗಿ, ತಿಳಿದು ಕೊಟ್ಟದ್ದಾಗಿರಬೇಕೆಂದೂ, ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಲು ಅವಕಾಶವಿರಬೇಕೆಂದೂ ಆ ಕಾಯಿದೆ ಹೇಳುತ್ತದೆ. ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಒಂದು. ಹೊರನಾಡಿನಲ್ಲಿರುವ ನಮಗೆ ಇದು ವಿಶೇಷ ಲಾಭ. ದೆಹಲಿಯಲ್ಲಿದ್ದರೂ ಹೈದರಾಬಾದಿನಲ್ಲಿದ್ದರೂ ಕನ್ನಡದಲ್ಲಿ ಕೇಳಿಸಿಕೊಳ್ಳುವ ಹಕ್ಕು ನಮ್ಮೊಂದಿಗೇ ಬರುತ್ತದೆ.

ಆ ಕನ್ನಡ ಎಂಥದಿರಬೇಕು ಎಂಬುದೇ ಮುಂದಿನ ಪ್ರಶ್ನೆ. ನಿಘಂಟು ಹಿಡಿದು ಕೂರಿಸಿದ ‘ಮಾಧ್ಯಮ ಅಧಿಮಾಹಿತಿ ಜಾಲಪ್ರವೇಶಾನುಮತಿ’ಯಂಥ ಕನ್ನಡ ಬಂದರೆ ಇಂಗ್ಲಿಷೇ ವಾಸಿ ಎನ್ನಬೇಕಾದೀತು. ‘ನೀವು ಯಾವ ಹಾಡು ಕೇಳುತ್ತೀರೆಂದು ನಮಗೆ ತಿಳಿಸಬಹುದೆ? ಬೇಡವೆಂದರೂ ಹಾಡು ನಿಲ್ಲುವುದಿಲ್ಲ’ ಎಂದು ಬರೆದರೆ ಅಜ್ಜಿಗೂ ತಿಳಿಯುತ್ತದೆ. ಅಷ್ಟು ಸರಳವಾಗಿ ಬರೆಯಲು ಹಿಂಜರಿಯುವ ಕಂಪನಿಗೆ ‘ಬೇಡ’ ಎಂಬ ಉತ್ತರದ ಅಂಜಿಕೆ ಇದೆಯೆಂದೇ ನಾವು ತಿಳಿಯಬೇಕಾಗುತ್ತದೆ.

ಆದುದರಿಂದ ನಮ್ಮ ಅಳತೆಗೋಲು ಮೂರೇ ಮಾತಿನದು. ಮಾಡುವ ಮುಂಚೆ ಹೇಳಬೇಕು. ಒಪ್ಪುವುದೆಷ್ಟು ಸುಲಭವೋ ಒಲ್ಲೆನೆನ್ನುವುದೂ ಅಷ್ಟೇ ಸುಲಭವಾಗಿರಬೇಕು. ಮಾಹಿತಿ ಮನೆಯಲ್ಲಿ ಉಳಿಯುತ್ತದೆಯೋ ಹೊರಗೆ ಹೋಗುತ್ತದೆಯೋ ಬಿಡಿಸಿ ತಿಳಿಸಬೇಕು. ‘ಕೇಳು’ ಎಂದರೆ ನಮ್ಮ ಮಾತಿನಲ್ಲಿ ಆಲಿಸುವುದೂ ಹೌದು, ಅನುಮತಿ ಬೇಡುವುದೂ ಹೌದು. ಎರಡನೆಯದನ್ನು ಮಾಡದೆ ಮೊದಲನೆಯದನ್ನು ಮಾಡುವ ಅಧಿಕಾರ ಯಾವ ಯಂತ್ರಕ್ಕೂ ಇಲ್ಲ. ಓದುಗರು ಈ ತಿಂಗಳು ಬಿಡುವಿನ ಒಂದು ಭಾನುವಾರ ತಮ್ಮ ಪ್ಲೇಯರಿನ, ಟಿ.ವಿ.ಯ ಸೆಟ್ಟಿಂಗುಗಳ ಪುಟ ತೆರೆದು, ಮನೆಯ ಹಿರಿಯರಿಗೆ ಅದರ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಲಿ. ಹೇಳಲಾಗದ ಸಾಲು ಸಿಕ್ಕಿದರೆ, ಆ ಚೌಕದ ಗುರುತನ್ನು ತೆಗೆದುಬಿಡುವುದು ಲೇಸು.