ಬೆಳಕಿನ ಚಿಕಿತ್ಸೆಯ ಗುಣವೂ ಮಿತಿಯೂ

ಕಸಿಮಾಡಿದ ಮೂತ್ರಪಿಂಡವನ್ನು ದೇಹವು ಪರಕೀಯವೆಂದು ತಿರಸ್ಕರಿಸದಿರಲೆಂದು ರೋಗಿಯು ನಿರಂತರವಾಗಿ ಸೇವಿಸಬೇಕಾದ ಔಷಧಗಳು, ಚರ್ಮದಲ್ಲಿ ಹುಟ್ಟುವ ವಿಕೃತ ಕೋಶಗಳನ್ನು ಅಳಿಸತಕ್ಕ ರಕ್ಷಣಾಶಕ್ತಿಯನ್ನೂ ಕುಗ್ಗಿಸುತ್ತವೆ. ಅವುಗಳಲ್ಲೊಂದಾದ ಅಜಾಥಯೋಪ್ರಿನ್ ಆದರೋ ಚರ್ಮವನ್ನು ಬಿಸಿಲಿನ ಕಿರಣಗಳಿಗೆ ಇನ್ನಷ್ಟು ಈಡುಮಾಡುತ್ತದೆ. ಹೀಗೆ ಬಿಳಿಚರ್ಮದವರ ಮುಖ, ನೆತ್ತಿ, ಮುಂಗೈಗಳ ಮೇಲೆ ಏಳುವ ಒರಟು ಹೊಪ್ಪಳೆಗಳಿಗೆ, ಅಂದರೆ ಆಕ್ಟಿನಿಕ್ ಕೆರಾಟೋಸಿಸ್ ಎಂಬ ಕ್ಯಾನ್ಸರಿನ ಪೂರ್ವಾವಸ್ಥೆಗೆ, ಫೋಟೋಡೈನಾಮಿಕ್ ಎಂಬ ಬೆಳಕಿನ ಚಿಕಿತ್ಸೆಯು ಒಂದು ಉತ್ತಮ ಉಪಾಯವೆಂಬುದರಲ್ಲಿ ನನಗೆ ಸಂದೇಹವಿಲ್ಲ.

1900ರ ಸುಮಾರಿಗೆ ಮ್ಯೂನಿಕ್ ನಗರದ ವಿದ್ಯಾರ್ಥಿ ಆಸ್ಕರ್ ರಾಬ್, ಅಕ್ರಿಡೀನ್ ಎಂಬ ರಾಸಾಯನಿಕವನ್ನು ಬೆರೆಸಿದ ನೀರಿನ ಪ್ಯಾರಮೀಸಿಯಮ್ ಜೀವಿಗಳು ಬೆಳಕು ಬಿದ್ದಾಗ ಬೇಗನೆ ಸಾಯುವುದನ್ನು ಕಂಡುದೇ ಈ ವಿದ್ಯೆಯ ಮೂಲ. ಇಂದು ಅಮೈನೋಲೆವುಲಿನಿಕ್ ಆಮ್ಲದ ಲೇಪವನ್ನು ಹಚ್ಚಿ ಕೆಲವು ತಾಸು ಮುಚ್ಚಿಟ್ಟರೆ ವಿಕೃತ ಕೋಶಗಳು ಅದರಿಂದ ಪೋರ್ಫಿರಿನ್ ಎಂಬ ವಸ್ತುವನ್ನು ನಿರ್ಮಿಸಿ ಸಂಚಯಿಸಿಕೊಳ್ಳುತ್ತವೆ. ಅನಂತರ ಕೆಂಪು ಬೆಳಕನ್ನು ಬೀರಿದಾಗ ಅಲ್ಲಿಯೇ ಉಗ್ರಸ್ವರೂಪದ ಆಮ್ಲಜನಕ ಹುಟ್ಟಿ ಅವುಗಳನ್ನು ಕೊಲ್ಲುತ್ತದೆ. ಹೊಪ್ಪಳೆಗಳನ್ನು ಒಂದೊಂದಾಗಿ ಕೊಯ್ಯದೆ ಕಣ್ಣಿಗಿನ್ನೂ ಕಾಣದ ವಿಕೃತಿಯನ್ನೂ ಸೇರಿಸಿ ಇಡೀ ಕ್ಷೇತ್ರವನ್ನು, ಸಾಮಾನ್ಯವಾಗಿ ಕಲೆ ಉಳಿಯದಂತೆ, ಶುದ್ಧಿಗೊಳಿಸುವುದು ಇದರ ಹಿರಿಮೆ. ಬೆಳಕು ಬೀಳುವಾಗಿನ ಉರಿ ಮಾತ್ರ ಅಲ್ಪವಲ್ಲ. ಫಲವೂ ಚಿರಸ್ಥಾಯಿಯಲ್ಲ: 2004ರಲ್ಲಿ ಪ್ರಕಟವಾದ ಜ್ಯೂರಿಕ್ ವೈದ್ಯರ ಅಧ್ಯಯನದಲ್ಲಿ, 48 ವಾರಗಳ ಬಳಿಕ ಸಾಮಾನ್ಯ ರೋಗಿಗಳಲ್ಲಿ ಶೇಕಡಾ 72ರಷ್ಟು ಗಾಯಗಳು ಮಾಯವಾಗಿಯೇ ಉಳಿದಿದ್ದರೆ, ಕಸಿಯಾದವರಲ್ಲಿ ಉಳಿದುದು ಶೇಕಡಾ 48 ಮಾತ್ರ. ಎಂದಮೇಲೆ ಇದು ಮತ್ತೆ ಮತ್ತೆ ಮಾಡಿಸಬೇಕಾದ ಚಿಕಿತ್ಸೆ.

ಈ ಪುನರಾವರ್ತನೆಯ ಭಾರವನ್ನು ಅಳೆಯಲು ಪುಣೆಯ ಸ್ವಾರಗೇಟಿಗಿಂತ ತಕ್ಕ ಸ್ಥಳ ಬೇಡ. ಸಾತಾರಾ, ಸೊಲ್ಲಾಪುರಗಳ ದಾರಿಗಳು ಕೂಡುವ ಆ ಬಸ್ ನಿಲ್ದಾಣದಲ್ಲಿ ರಾತ್ರಿಬಸ್ಸಿನಿಂದ ಇಳಿದು, ಆಸ್ಪತ್ರೆಯ ಕೆಲಸ ಮುಗಿಸಿ, ಮಧ್ಯಾಹ್ನವೇ ಬೆಳಗಾವಿಗೋ ವಿಜಯಪುರಕ್ಕೋ ಮರಳಬೇಕಾದ ಬಡ ರೋಗಿಯೊಬ್ಬನನ್ನು ಊಹಿಸಿರಿ. ಚರ್ಮದಲ್ಲಿ ಉಳಿದ ಪೋರ್ಫಿರಿನ್ ಕರಗುವವರೆಗೆ, ಸುಮಾರು 48 ತಾಸು, ಲೇಪ ಹಚ್ಚಿದ ಭಾಗವನ್ನು ಬಿಸಿಲಿನಿಂದ ಕಾಪಾಡಬೇಕೆಂಬುದು ವೈದ್ಯರ ಕಟ್ಟಪ್ಪಣೆ. ಪರದೆಯೆಳೆದ ಕೋಣೆಯುಳ್ಳವನಿಗೆ ಸುಲಭವಾದ ಈ ಪಥ್ಯ, ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿಗೆ ಕಾಯುವವನಿಗೆ ಅಸಾಧ್ಯಪ್ರಾಯ. ತಂಗಲು ನೆರಳುಳ್ಳ ಎರಡು ದಿನಗಳನ್ನು ಚಿಕಿತ್ಸೆಯ ಅಂಗವೆಂದೇ ಎಣಿಸಿ ಒದಗಿಸದ ಆಸ್ಪತ್ರೆಯು ಅರ್ಧ ಚಿಕಿತ್ಸೆಯನ್ನಷ್ಟೇ ಮಾಡಿದಂತೆ.

ಇದಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದುಂಟು. ನಮ್ಮ ಕಂದುಬಣ್ಣದ ಚರ್ಮದಲ್ಲಿ ಈ ಬಿಸಿಲಿನ ಹೊಪ್ಪಳೆಗಳು ವಿರಳ. ಮೆಲನಿನ್ ಬೆಳಕನ್ನು ಹೀರುವುದರಿಂದ ಚಿಕಿತ್ಸೆಯ ಬಲ ತಗ್ಗಬಹುದು, ಗಾಯ ಮಾಗಿದ ಮೇಲೆ ಕಪ್ಪು ಉಳಿಯುವುದೂ ಉಂಟು. ಕಪ್ಪುಚರ್ಮದ ಕಸಿರೋಗಿಗಳಲ್ಲಿ ಚರ್ಮದ ಕ್ಯಾನ್ಸರು ಬಿಸಿಲು ಕಾಣದ ಗುಹ್ಯಭಾಗಗಳಲ್ಲಿಯೂ, ನರಹುಲಿಯ ವೈರಸ್ಸಿನ ಸಂಗಡವೂ ತಲೆದೋರುವುದನ್ನು ಅಮೆರಿಕದ ವೈದ್ಯರು ಗುರುತಿಸಿದ್ದಾರೆ. ಆದುದರಿಂದ ಈ ಚಿಕಿತ್ಸೆಯ ದೀಪವನ್ನು ಕೊಳ್ಳುವ ಮೊದಲು ನಮ್ಮ ಕಸಿಕೇಂದ್ರಗಳು ರೋಗಿಯ ಮೈಯನ್ನು ನೆತ್ತಿಯಿಂದ ಅಂಗಾಲಿನವರೆಗೆ, ಸಂಕೋಚದಿಂದ ಯಾವ ಭಾಗವನ್ನೂ ಬಿಡದೆ, ವರ್ಷಕ್ಕೊಮ್ಮೆಯಾದರೂ ಚರ್ಮವೈದ್ಯರಿಂದ ನೋಡಿಸಲಿ. ನರಹುಲಿಯಂತೆ ಕಂಡುದು ಬೇಗ ಬೆಳೆದರೆ, ನೊಂದರೆ, ಹುಣ್ಣಾದರೆ, ಆಳಕ್ಕಿಳಿದ ಕ್ಯಾನ್ಸರಿಗೆ ಈ ಬೆಳಕು ಸಾಲದಾದ್ದರಿಂದ, ಮೊದಲು ಅದರ ಚೂರೊಂದನ್ನು ತೆಗೆದು ಬಯಾಪ್ಸಿಗೆ ಕಳುಹಿಸಲಿ.