ಮಾದರಿ ತಿರುಗಿತು, ಹಡಗು ತಿರುಗೀತೆ?

ಚುಕ್ಕಾಣಿಯನ್ನು 35 ಡಿಗ್ರಿ ತಿರುಗಿಸಿದರೆ ಹಡಗು ಎಷ್ಟು ಅಗಲದಲ್ಲಿ ಸುತ್ತುತ್ತದೆ? ಹಡಗು ಕಟ್ಟುವ ಮೊದಲೇ ಇದು ತಿಳಿಯಬೇಕು. ಅದಕ್ಕಾಗಿ ಪುಟ್ಟ ಮಾದರಿಯನ್ನು ಕೊಳದಲ್ಲಿ ಓಡಿಸಿ ನೋಡುತ್ತಾರೆ. ಗಣಕದಲ್ಲೂ ಲೆಕ್ಕ ಹಾಕುತ್ತಾರೆ. ಎರಡೂ ಉತ್ತರಗಳು ಹೊಂದಿಕೊಂಡರೆ ಪರೀಕ್ಷೆ ಗೆದ್ದಿತೆಂದು ಭಾವಿಸುವುದುಂಟು. ಈ ಭಾವನೆಯನ್ನು ಸ್ವಲ್ಪ ಪರಿಶೀಲಿಸೋಣ.

320 ಮೀಟರ್ ಉದ್ದದ ಹಡಗಿಗೆ 5 ಮೀಟರ್ ಉದ್ದದ ಮಾದರಿ ಇದೆ ಎನ್ನಿ. ಪ್ರಮಾಣ 1:64. ಅಲೆಗಳ ವಿನ್ಯಾಸ ಎರಡರಲ್ಲೂ ಒಂದೇ ಬಗೆಯದಾಗಿರಲು ಫ್ರೂಡ್ ಸಂಖ್ಯೆ ಸಮನಾಗಿರಬೇಕು. ಆಗ ಮಾದರಿಯ ವೇಗ ಹಡಗಿನ ವೇಗದ 1/8 ಭಾಗ. ಸ್ನಿಗ್ಧತೆಯ ಪರಿಣಾಮವೂ ಒಂದೇ ಆಗಬೇಕಾದರೆ ರೆನಾಲ್ಡ್ಸ್ ಸಂಖ್ಯೆ ಸಮನಾಗಿರಬೇಕು. ಅದಕ್ಕೆ ಮಾದರಿ ಹಡಗಿಗಿಂತ 64 ಪಟ್ಟು ವೇಗವಾಗಿ ಓಡಬೇಕು! ಎರಡನ್ನೂ ಒಟ್ಟಿಗೆ ಪಾಲಿಸುವುದು ಅಸಾಧ್ಯ. ಆದ್ದರಿಂದ ಫ್ರೂಡ್ ನಿಯಮವನ್ನು ಉಳಿಸಿಕೊಂಡು ರೆನಾಲ್ಡ್ಸ್ ಸಂಖ್ಯೆಯನ್ನು ಕೈಬಿಡುತ್ತಾರೆ. ಅದು ಮಾದರಿಯಲ್ಲಿ ಸುಮಾರು 500 ಪಟ್ಟು ಕಡಿಮೆಯಾಗಿರುತ್ತದೆ.

ಪರಿಣಾಮವೇನು? ಮಾದರಿಗೆ ಘರ್ಷಣೆಯ ಪಾಲು ಹೆಚ್ಚು. ಅದನ್ನು ಮೀರಲು ಪ್ರೊಪೆಲರ್ ಹೆಚ್ಚು ದುಡಿಯುತ್ತದೆ. ಅದು ಹಿಂದಕ್ಕೆ ತಳ್ಳುವ ನೀರು ಚುಕ್ಕಾಣಿಗೆ ಹೆಚ್ಚು ರಭಸದಿಂದ ಬಡಿಯುತ್ತದೆ. ಹೀಗಾಗಿ ಮಾದರಿಯ ಚುಕ್ಕಾಣಿ, ತನ್ನ ಗಾತ್ರಕ್ಕೆ ಹೋಲಿಸಿದರೆ, ನಿಜವಾದ ಹಡಗಿನದಕ್ಕಿಂತ ಬಲಶಾಲಿಯಾಗಿ ಕಾಣಬಹುದು.

ಗಣಕ ಇದನ್ನು ತಿದ್ದುವುದಿಲ್ಲವೆ? ಅನುಕರಣ ಸಮೀಕರಣಗಳ ಗುಣಾಂಕಗಳು ಅನೇಕ ವೇಳೆ ಕೊಳದ ಪರೀಕ್ಷೆಯಿಂದಲೇ ಬಂದಿರುತ್ತವೆ. ಹಾಗಿದ್ದಾಗ ಹೊಂದಾಣಿಕೆ ಎಂದರೆ ಒಂದೇ ಪುಸ್ತಕ ನೋಡಿ ಬರೆದ ಎರಡು ಉತ್ತರಪತ್ರಿಕೆಗಳ ಹೊಂದಾಣಿಕೆ. 2008ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಸಿಮ್‌ಮ್ಯಾನ್ ಕಾರ್ಯಾಗಾರದಲ್ಲಿ ಹೋಲಿಕೆಗೆ ಬಳಸಿದ ಹಡಗುಗಳಲ್ಲಿ ಕೆವಿಎಲ್‌ಸಿಸಿ2 ಎಂಬ ತೈಲವಾಹಕವೂ ಒಂದು. ವಿಧಾನಗಳನ್ನು ಪರಸ್ಪರ ತೂಗಲು ಅದು ಉಪಯುಕ್ತ, ನಿಜ. ಆದರೆ ಆ ಹಡಗನ್ನು ಯಾರೂ ಕಟ್ಟಿಲ್ಲ. ಕಡಲಿನ ಸಾಕ್ಷ್ಯವೇ ಇಲ್ಲ! 1977ರಲ್ಲಿ ಎಸ್ಸೊ ಒಸಾಕಾ ಎಂಬ ನಿಜವಾದ ತೈಲವಾಹಕವನ್ನು ಮೆಕ್ಸಿಕೊ ಕೊಲ್ಲಿಯಲ್ಲಿ ಆಳದ ನೀರಿನಲ್ಲೂ ಆಳ ಕಡಿಮೆ ಇರುವಲ್ಲೂ ತಿರುಗಿಸಿ ಅಳೆದಿದ್ದರು. ತಳ ತೀರ ಹತ್ತಿರವಾದಾಗ ತಿರುವು ಹಿಗ್ಗಿದ್ದು ಅಲ್ಲಿ ಕಂಡುಬಂತು. ಇಂತಹ ಅಳತೆಗಳು ವಿರಳ.

ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ 2002ರ ಮಾನದಂಡಗಳ ಪ್ರಕಾರ ಹಡಗು ಹಿಮ್ಮುಖವಾಗಿ ತಿರುಗುವಷ್ಟರಲ್ಲಿ ಮೊದಲ ಪಥದಿಂದ ಅಡ್ಡಕ್ಕೆ ಸರಿಯುವ ದೂರ ಅದರ ಉದ್ದದ 5 ಪಟ್ಟು ಮೀರಬಾರದು. ನಮ್ಮ ಉದಾಹರಣೆಯಲ್ಲಿ ಇದು 1600 ಮೀಟರ್. ಆದರೆ ಈ ಮಾನದಂಡ ಆಳವಾದ, ತೆರೆದ ನೀರಿಗೆ ಹಾಗೂ ಪೂರ್ಣ ವೇಗಕ್ಕೆ ಸಮೀಪದ ಓಟಕ್ಕೆ ಅನ್ವಯಿಸುತ್ತದೆ. ಬಂದರಿನ ಕಾಲುವೆಯಲ್ಲಿ ಆಳವೂ ಕಡಿಮೆ, ವೇಗವೂ ಕಡಿಮೆ. ತಪ್ಪಿಗೆ ಜಾಗವಿಲ್ಲದ ಸ್ಥಳದ ಬಗ್ಗೆ ಮಾನದಂಡ ಮೌನವಾಗಿದೆ. ಇದು ಸಣ್ಣ ಕೊರತೆಯಲ್ಲ.

ಮಾದರಿಯೂ ಗಣಕವೂ ಬೇಡವೆಂದು ಇದರ ಅರ್ಥವಲ್ಲ. ಅವಿಲ್ಲದೆ ಹಡಗಿನ ವಿನ್ಯಾಸವೇ ಸಾಗದು. ಆದರೆ ಇಂತಹ ವರದಿ ನಿಮ್ಮ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಯಾವ ಸಂಖ್ಯೆಯನ್ನು ಸಮನಾಗಿಟ್ಟು ಯಾವುದನ್ನು ಬಿಟ್ಟರು? ಗುಣಾಂಕಗಳು ಎಲ್ಲಿಂದ ಬಂದವು? ನಿಜವಾದ ಹಡಗಿನ ಮೇಲೆ ಅಳೆದು ನೋಡಿದರೆ? ವಿದ್ಯಾರ್ಥಿಗಳಿಗೆ ಸಾಮ್ಯತೆಯ ನಿಯಮಗಳನ್ನು ಕಲಿಸುವಾಗ ಅವು ಎಲ್ಲಿ ಸೋಲುತ್ತವೆ ಎಂಬುದನ್ನೂ ಅದೇ ಪಾಠದಲ್ಲಿ ಕಲಿಸಬೇಕು.